ಪ್ರಶ್ನೋತ್ತರ: ಚೀನಾ ಟೀಮ್ ಉಳಿಸಿಕೊಳ್ಳೋದು ಹೇಗೆ? ಎಚ್‌ಆರ್ ಅಕ್ಕನ್ನ ಕೇಳಿ

ಅಡ್ಮಿನ್: ಚೀನಾದ ಟೀಮುಗಳನ್ನ ಬೆಂಗಳೂರಿಂದಲೋ ಅಲ್ಲೇ ಇದ್ದುಕೊಂಡೋ ನೋಡಿಕೊಳ್ಳೋರಿಗಾಗಿ ಇವತ್ತಿನ ಪ್ರಶ್ನೋತ್ತರ. ಎಚ್‌ಆರ್ ಅಕ್ಕ ಶಾಂಘೈ, ಸೂಜೌಗಳ ಬಹುರಾಷ್ಟ್ರೀಯ ಕಂಪನಿಗಳಲ್ಲಿ 13 ವರ್ಷ ಕೆಲಸ ಮಾಡಿ ಈಗ ಮೈಸೂರಲ್ಲಿದ್ದಾರೆ. ಕಂಪನಿ ಹೆಸರು, ಜನರ ಹೆಸರು ಹಾಕಬೇಡಿ.

ಜಯನಗರದವ: ನಮಸ್ಕಾರ ಅಕ್ಕ. ಚೀನೀ ಹೊಸ ವರ್ಷದ ರಜೆ ಮುಗಿಸಿ ಬಂದ ವಾರವೇ ನಮ್ಮ ಷೆನ್‌ಜೆನ್ ಟೀಮಲ್ಲಿ ಇಬ್ಬರು ಪೇಪರ್ ಹಾಕಿದ್ರು. ಹೋದ ವರ್ಷವೂ ಹಿಂಗೇ ಆಯ್ತು. ಏನಿದು?

ಎಚ್‌ಆರ್ ಅಕ್ಕ: ನಮಸ್ಕಾರ. ವರ್ಷದ ಬೋನಸ್ ಸಾಮಾನ್ಯವಾಗಿ ಹಬ್ಬಕ್ಕೆ ಮುಂಚೆ ಕೈಗೆ ಬರುತ್ತೆ. ಅದಾದ ಮೇಲೆ ಮಾರ್ಚ್, ಏಪ್ರಿಲ್ ಅಲ್ಲಿ ಕೆಲಸ ಬದಲಿಸೋ ಸುಗ್ಗಿ. 'ಜಿನ್ ಸಾನ್ ಯಿನ್ ಸಿ' ಅಂತಾರೆ, ಮೂರನೇ ತಿಂಗಳು ಚಿನ್ನ, ನಾಲ್ಕನೇ ತಿಂಗಳು ಬೆಳ್ಳಿ. ನೀವು ನಮ್ಮ ಹಣಕಾಸು ವರ್ಷ ನೋಡ್ಕೊಂಡು ಏಪ್ರಿಲ್ಲಲ್ಲಿ ಹೈಕ್ ಮಾತು ತೆಗೀತೀರಿ. ಅಷ್ಟೊತ್ತಿಗೆ ಅವರ ಜೇಬಲ್ಲಿ ಬೇರೆ ಆಫರ್ ಇರುತ್ತೆ. ಆ ಮಾತು ನವೆಂಬರಲ್ಲೇ ಮುಗಿಸಿ.

ಕೆಂಗೇರಿ ಗೇಟ್: ಮೇಡಂ, ಬೆಂಗಳೂರಲ್ಲಿ ನಮ್ಮದು 90 ದಿನ ನೋಟಿಸ್ ಪೀರಿಯಡ್. ಅಲ್ಲೂ ಅದನ್ನೇ ಹಾಕಬಹುದಾ?

ಎಚ್‌ಆರ್ ಅಕ್ಕ: ಹಾಕಿದರೂ ನಿಲ್ಲಲ್ಲ. ಬರವಣಿಗೆಯಲ್ಲಿ 30 ದಿನ ಮುಂಚೆ ತಿಳಿಸಿದರೆ ಸಾಕು ಅಂತ ಕಾನೂನಿದೆ. ಪ್ರೊಬೇಷನ್‌ನಲ್ಲಿದ್ದರೆ 3 ದಿನ.

ಸೂಜೌ ಶಟಲ್: ಅಕ್ಕ, ನಮ್ಮದು ವಾಹನ ಬಿಡಿಭಾಗದ ಕಂಪನಿ. ಸೂಜೌ ಇಂಡಸ್ಟ್ರಿಯಲ್ ಪಾರ್ಕಲ್ಲಿ ಟೆಸ್ಟ್ ಲ್ಯಾಬ್, 11 ಜನ. ನಾನು ಬೆಂಗಳೂರಿಂದ ನೋಡ್ಕೋತೀನಿ. ಅಲ್ಲಿನ ಲೀಡ್ ಆರು ವರ್ಷದಿಂದ ಇದ್ದಾರೆ, ಲ್ಯಾಬ್ ನಡೀತಿರೋದೇ ಅವರಿಂದ. ಜನವರೀಲಿ ಒಂದು ರಿಪೋರ್ಟ್ ತಡ ಆಯ್ತು ಅಂತ ವಿಡಿಯೊ ಮೀಟಿಂಗಲ್ಲಿ ಸ್ವಲ್ಪ ಜೋರಾಗೇ ಕೇಳಿದೆ. ಅವರ ಕೈಕೆಳಗಿನ ಹುಡುಗರೂ ಇದ್ದರು. ಆಯಮ್ಮ ನಕ್ಕು 'ನನ್ನದೇ ತಪ್ಪು' ಅಂದರು. ಅಲ್ಲಿಗೆ ಮುಗೀತು ಅಂದ್ಕೊಂಡೆ. ಈಗ ಏನು ಹೇಳಿದರೂ ವೀಚಾಟಲ್ಲಿ 'ಷೌದಾವ್' ಅಂತ ಒಂದೇ ಉತ್ತರ. ಮೊದಲೆಲ್ಲ ನನ್ನ ಟೈಮ್‌ಲೈನ್ ಆಗಲ್ಲ ಅಂತ ಜಗಳಕ್ಕೇ ಬರ್ತಿದ್ದರು. ಮೂರು ವರ್ಷದ ಎರಡನೇ ಕಾಂಟ್ರ್ಯಾಕ್ಟ್ ಜೂನಿಗೆ ಮುಗಿಯುತ್ತೆ. ಇನ್ನೊಂದು ಗ್ರೂಪ್ ಕಂಪನಿ ಹೆಸರಲ್ಲಿ ಹೊಸದು ಮಾಡಿದರೆ ಕಾಂಟ್ರ್ಯಾಕ್ಟುಗಳ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತೆ ಅಂತ ಅಲ್ಲಿನ ಎಚ್‌ಆರ್ ಮೇಲ್ ಹಾಕಿದ್ದಾರೆ. ರಾಜೀನಾಮೆ ಅಂತೂ ಕೊಟ್ಟಿಲ್ಲ. ಸುಮ್ಮನೆ ಹೆದರ್ತಿದ್ದೀನಾ?

ಎಚ್‌ಆರ್ ಅಕ್ಕ: ಸುಮ್ಮನೆ ಅಲ್ಲ. ಉಳಿದವರು ಸ್ವಲ್ಪ ತಡೀರಿ, ಇದಕ್ಕೆ ಉದ್ದಕ್ಕೆ ಬರೀತೀನಿ.

'ಷೌದಾವ್' ಅಂದರೆ 'ತಲುಪಿತು'. ಒಪ್ಪಿದೆ ಅಂತ ಅರ್ಥ ಇಲ್ಲ ಅದರಲ್ಲಿ. ಜಗಳ ಆಡ್ತಿದ್ದವರು ಜಗಳ ಬಿಟ್ಟಿದ್ದಾರೆ ಅಂದರೆ ನಿಮ್ಮ ಟೈಮ್‌ಲೈನ್ ಏನಾದರೆ ಅವರಿಗೇನು ಅನ್ನೋ ಹಂತಕ್ಕೆ ಬಂದಿದ್ದಾರೆ. ಆ ನಗು ಮುಖ ಉಳಿಸಿಕೊಳ್ಳೋಕೆ ನಕ್ಕದ್ದು. ಮಿಯೆನ್‌ಜಿ ಅಂತಾರೆ, ಪದದ ಅರ್ಥವೇ ಮುಖ. ನಮ್ಮಲ್ಲಿ ಅಳಿಯನ್ನ ಹತ್ತು ಜನರ ಮುಂದೆ ಗದರಿ ನೋಡಿ, ಮತ್ತೆ ಆ ಮನೇಲಿ ಎಲೆ ಮುಂದೆ ಕೂರ್ತಾನಾ? ಅದೂ ಅವರ ಹುಡುಗರ ಎದುರಿಗೇ ಕೇಳಿದ್ದೀರಿ. ನಾಳೆಯಿಂದ ಆ ಹುಡುಗರಿಗೆ ಅವರು ಏನು ಹೇಳಿ ಕೆಲಸ ಮಾಡಿಸಬೇಕು?

ಸೂಜೌದಲ್ಲಿ ನನ್ನ ಜೊತೆ ಒಬ್ಬಳು ಪ್ಲಾನರ್ ಇದ್ದಳು. ಹಿಂಗೇ ಒಂದು ಮೀಟಿಂಗ್ ಆದ ಮೇಲೆ ಮೇಜಿನ ಮೇಲಿದ್ದ ಸಾಮಾನು ಒಂದೊಂದಾಗಿ ಮನೆಗೆ ಒಯ್ದಳು. ಮೊದಲು ಮಗುವಿನ ಫೋಟೊ, ಆಮೇಲೆ ಮಧ್ಯಾಹ್ನ ತಲೆ ಇಟ್ಟು ಮಲಗೋ ದಿಂಬು, ಕೊನೆಗೆ ಟೀ ಫ್ಲಾಸ್ಕು. ಫ್ಲಾಸ್ಕು ಹೋದ ದಿನ ನನಗೆ ಹೊಳೀತು. ಮಾರನೇ ದಿನ ಬೆಳಿಗ್ಗೆ ಪತ್ರ ಕೊಟ್ಟಳು. ನೀವು ಬೆಂಗಳೂರಲ್ಲಿ ಕೂತಿದ್ದೀರಿ, ಮೇಜು ಕಾಣಲ್ಲ.

ಈಗ ಕಾಂಟ್ರ್ಯಾಕ್ಟ್. ಕಾರ್ಮಿಕ ಕರಾರು ಕಾಯ್ದೆ 2008ರ ಜನವರಿ 1ರಿಂದ ಇದೆ. ಅದರ 14ನೇ ವಿಧಿ ಪ್ರಕಾರ ಸಾಲಾಗಿ ಎರಡು ಅವಧಿ ಮುಗಿಸಿದವರು ಮುಂದುವರಿಯೋಕೆ ಸಿದ್ಧ ಇದ್ದರೆ ಮೂರನೆಯದು ಅವಧಿ ಇಲ್ಲದ ಕರಾರು, ಅಂದರೆ ಮುಗಿಯೋ ದಿನಾಂಕವೇ ಇಲ್ಲದ್ದು. ಶಾಂಘೈ ಕೋರ್ಟುಗಳು ಇದನ್ನ ಕಂಪನಿಗೆ ಅನುಕೂಲವಾಗಿ ಓದಿದ್ದುಂಟು, ಆದರೆ ಸೂಜೌ ಇರೋದು ಜಿಯಾಂಗ್ಸು ಪ್ರಾಂತ್ಯದಲ್ಲಿ. ಇನ್ನು ಹೆಸರು ಬದಲಿಸೋ ಆಟ: 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಸುಪ್ರೀಂ ಪೀಪಲ್ಸ್ ಕೋರ್ಟಿನ ವ್ಯಾಖ್ಯಾನ ಇದೇ ಕಿಂಡಿಯನ್ನ ಮುಚ್ಚಿದೆ. ಅದೇ ಲ್ಯಾಬು, ಅದೇ ಕೆಲಸ, ಅದೇ ನೀವು, ಕಾಗದದ ಮೇಲೆ ಮಾತ್ರ ಬೇರೆ ಕಂಪನಿ ಅಂದರೆ ಅದೂ ಎರಡರ ಲೆಕ್ಕಕ್ಕೇ ಸೇರುತ್ತೆ. ನಿಮ್ಮ ಎಚ್‌ಆರ್ ಹಳೇ ಪುಸ್ತಕ ಓದ್ತಿದ್ದಾರೆ. ಕಾನೂನು ಬಾಹಿರವಾಗಿ ತೆಗೆದಿರಿ ಅಂತಾದರೆ ಆರು ವರ್ಷಕ್ಕೆ ಆರು ತಿಂಗಳ ಸಂಬಳದ ದುಪ್ಪಟ್ಟು ಕೊಡಬೇಕಾಗುತ್ತೆ.

ದುಡ್ಡಿನ ಮಾತು ಬಿಡಿ. ನಿಮಗೆ ಆಕೆ ಬೇಕು ತಾನೆ? ಹೋಗಿ. ಲ್ಯಾಬ್ ಹತ್ರದ ನೂಡಲ್ ಅಂಗಡೀಲಿ ಕೂತು 'ನಾನು ಹಾಗೆ ಕೇಳಬಾರದಿತ್ತು' ಅಂತ ಒಂದೇ ವಾಕ್ಯ ಹೇಳಿ, ಎಳೆಯಬೇಡಿ. ಆದರೆ ಬೈದದ್ದು ಎಲ್ಲರ ಮುಂದೆ, ತಪ್ಪೊಪ್ಪಿದ್ದು ಮಾತ್ರ ಮೂಲೆಯಲ್ಲಿ ಅಂದರೆ ಲೆಕ್ಕ ಚುಕ್ತಾ ಆಗಲ್ಲ. ಆ ರಿಪೋರ್ಟ್ ಯಾಕೆ ತಡ ಆಯ್ತು ಅಂತ ಈಗಲಾದರೂ ವಿಚಾರಿಸಿ. ಬೆಂಗಳೂರಿನ ಪಾಲಿದ್ದರೆ ಅದನ್ನ ಅದೇ ಹುಡುಗರ ಮುಂದೆ, ನಿಮ್ಮ ಬಾಸ್ ಇರೋ ಮೀಟಿಂಗಲ್ಲಿ ಹೇಳಿ. ಅವಧಿ ಇಲ್ಲದ ಕರಾರನ್ನ ಆಕೆ ಕೇಳೋ ಮುಂಚೆ ನೀವೇ ಮುಂದಿಡಿ.

ಹೊಸೂರು ರೋಡ್: ಫಾರ್ವರ್ಡ್ ಬಂದಿದ್ದು, ಉಪಯೋಗ ಆಗಬಹುದು: 'ಚೀನೀ ನೌಕರರನ್ನು ಉಳಿಸಿಕೊಳ್ಳಲು 5 ಉಪಾಯ. 1) ಮೂಲ ಪದವಿ ಪತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ. 2) ಎರಡು ತಿಂಗಳ ಸಂಬಳ ಠೇವಣಿ ಹಿಡಿಯಿರಿ. 3) ಎಲ್ಲರಿಗೂ 5 ವರ್ಷದ ನಾನ್-ಕಾಂಪೀಟ್ (ಬಿಟ್ಟ ಮೇಲೆ ಪೈಪೋಟಿ ಕಂಪನಿಗೆ ಸೇರದಿರುವ ಕರಾರು). 4) ಸಾಮಾಜಿಕ ವಿಮೆ ಕಟ್ಟದೆ ಆ ಹಣ ಕೈಗೆ ಕೊಡಿ. 5) ದೀರ್ಘ ಸೇವೆಗೆ ಗೋಡೆ ಗಡಿಯಾರ.'

ಎಚ್‌ಆರ್ ಅಕ್ಕ: ದಯವಿಟ್ಟು ಇದನ್ನ ಇನ್ನೊಬ್ಬರಿಗೆ ಕಳಿಸಬೇಡಿ. ಒಂದು, ಎರಡು ಕಾಯ್ದೆಯ 9ನೇ ವಿಧಿಯಲ್ಲೇ ನಿಷೇಧ. ನಾನ್-ಕಾಂಪೀಟ್ ಗರಿಷ್ಠ 2 ವರ್ಷ, ಅದೂ ಹಿರಿಯ ಹುದ್ದೆಯವರಿಗೆ ಮತ್ತು ಕಂಪನಿ ಗುಟ್ಟು ಗೊತ್ತಿರೋರಿಗೆ ಮಾತ್ರ, ಹೋದ ಮೇಲೂ ತಿಂಗಳು ತಿಂಗಳು ದುಡ್ಡು ಕೊಡಬೇಕು. ವಿಮೆ ಬೇಡ ಅಂತ ಅವರೇ ಸಹಿ ಹಾಕಿಕೊಟ್ಟರೂ ಅದು ಅಸಿಂಧು, ಅದೇ ಕಾರಣ ಕೊಟ್ಟು ಪರಿಹಾರ ತಗೊಂಡು ಎದ್ದು ಹೋಗಬಹುದು. ಗಡಿಯಾರದ ಬಗ್ಗೆ: 'ಗಡಿಯಾರ ಕೊಡೋದು' ಅನ್ನೋದಕ್ಕೂ 'ಸಾಯೋರ ಕೊನೇ ಗಳಿಗೆಗೆ ಜೊತೆ ಇರೋದು' ಅನ್ನೋದಕ್ಕೂ ಚೀನೀಯಲ್ಲಿ ಒಂದೇ ಉಚ್ಚಾರ. ಹತ್ತು ವರ್ಷ ದುಡಿದವರಿಗೆ ಅದನ್ನ ಸುತ್ತಿ ಕೊಡ್ತೀರಾ?

ಹೊಸೂರು ರೋಡ್: ಒಳ್ಳೇದಕ್ಕೆ ಹಾಕಿದೆ ಮೇಡಂ, ಇಷ್ಟು ಸಿಟ್ಟು ಯಾಕೆ.

ಬೆಳಗಾವಿ ಮಂದಿ: ನಾ ಹೇಳ್ತೀನಿ ಕೇಳ್ರಿ, ನಿಷ್ಠಾ ಅನ್ನೂದ ಇಲ್ಲ ಅವರಿಗೆ. ಎರಡ ಸಾವಿರ ಯುವಾನ್ ಹೆಚ್ಚಿಗಿ ಅಂದ್ರ ಓಡ್ತಾರ.

ಗ್ವಾಂಗ್‌ಜೌ ಗೌಡ್ತಿ: ನೀವು ಆರು ವರ್ಷದಲ್ಲಿ ಎಷ್ಟು ಕಂಪನಿ ಬದಲಿಸಿದ್ರಿ ಅಣ್ಣ? ಈ ಗುಂಪಲ್ಲೇ ಮೂರು ಸಲ 'ನ್ಯೂ ಬಿಗಿನಿಂಗ್' ಪೋಸ್ಟ್ ಹಾಕಿದ್ದೀರಿ.

ಬೆಳಗಾವಿ ಮಂದಿ: ಅದು ಬ್ಯಾರೆ ಮಾತು.

ಗ್ವಾಂಗ್‌ಜೌ ಗೌಡ್ತಿ: ಏನು ಬೇರೆ? ಇಲ್ಲಿ ಮನೆ ಸಾಲ, ಮಗು ಸ್ಕೂಲು, ಎರಡೂ ಕಡೆ ಅಪ್ಪ ಅಮ್ಮ ಎಲ್ಲ ಒಬ್ಬೊಬ್ಬರ ತಲೆ ಮೇಲೇ. ಹೆಚ್ಚಿನವರು ಒಂಟಿ ಮಕ್ಕಳು.

ಜಯನಗರದವ: ಆದರೂ ಈಗ ಅಲ್ಲಿ ಕೆಲಸ ಇಲ್ಲ ಅಲ್ವಾ? 2023ರ ಜೂನಲ್ಲಿ ನಗರಗಳ ಯುವಕರ ನಿರುದ್ಯೋಗ 21.3% ಆಗಿ, ಆಮೇಲೆ ಆ ಅಂಕಿ ಪ್ರಕಟಿಸೋದನ್ನೇ ಕೆಲವು ತಿಂಗಳು ನಿಲ್ಲಿಸಿದ್ದರು. ಹೋಗೋರು ಹೋಗಲಿ, ಕ್ಯೂ ಇದೆ.

ಎಚ್‌ಆರ್ ಅಕ್ಕ: ಅದು 16ರಿಂದ 24 ವಯಸ್ಸಿನವರ ಅಂಕಿ. ನಿಮ್ಮ ಟೀಮಿಂದ ಹೋದ ಇಬ್ಬರಿಗೆ ಎಷ್ಟು ವಯಸ್ಸು?

ಜಯನಗರದವ: 34, 37.

ಬೆಳಗಾವಿ ಮಂದಿ: ಅಲ್ಲೇ 9ರಿಂದ 9, ವಾರಕ್ಕ ಆರ ದಿನ ಮಾಡ್ತಾರಲ್ರಿ, 996 ಅಂತ. ನಮ್ಮ ಕಂಪನ್ಯಾಗ ಮಾತ್ರ ಸಂಜಿ ಆರಕ್ಕ ಎದ್ದ ಹೋಗ್ತಾರ!

ಗ್ವಾಂಗ್‌ಜೌ ಗೌಡ್ತಿ: ಆರಕ್ಕೆ ಮನೆಗೆ ಹೋಗಬಹುದು ಅಂತಲೇ ಎಷ್ಟೋ ಜನ ಕಡಿಮೆ ಸಂಬಳಕ್ಕೆ ವಿದೇಶಿ ಕಂಪನೀಲಿ ಇರೋದು. ಅದನ್ನೂ ಕಿತ್ಕೊಳ್ಳಿ.

ಎಚ್‌ಆರ್ ಅಕ್ಕ: 996 ಕಾನೂನು ಬಾಹಿರ ಅಂತ 2021ರ ಆಗಸ್ಟಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಮತ್ತು ಮಾನವ ಸಂಪನ್ಮೂಲ ಸಚಿವಾಲಯ ಸೇರಿ ಉದಾಹರಣೆ ಸಮೇತ ಹೇಳಿವೆ. ಓವರ್‌ಟೈಮ್ ತಿಂಗಳಿಗೆ 36 ಗಂಟೆ ಮೀರೋ ಹಾಗಿಲ್ಲ. ಗೌಡ್ತಿ ಹೇಳಿದ್ದು ಸರಿ.

ವಿಜಯನಗರ ವೀಕೆಂಡ್: ನಮ್ಮ ಹುಡುಗನ್ನ ಜರ್ಮನಿಗೆ ಟ್ರೇನಿಂಗ್ ಕಳಿಸಿದ್ವಿ. ಮೂರು ವರ್ಷ ಬಾಂಡ್. ಎರಡು ವರ್ಷ ಆಗಿದೆ, ಹೊರಟಿದ್ದಾನೆ. ಪೂರ್ತಿ ವಸೂಲಿ ಮಾಡಬಹುದಾ?

ಎಚ್‌ಆರ್ ಅಕ್ಕ: ವಿಶೇಷ ತರಬೇತಿಗೆ ಅಂತ ಖರ್ಚು ಮಾಡಿದ್ದಕ್ಕೆ ಬಿಲ್ ಇದ್ದರೆ, ಉಳಿದ ಅವಧಿಯ ಪಾಲು. ಅಂದರೆ ಮೂರನೇ ಒಂದು.

ಉಡುಪಿ ಟು ಉಹಾನ್: ನನ್ನ ಹೆಂಡತಿ ಚೀನೀ. ಅವಳ ಹುಕೌ (ಊರಿನ ನಿವಾಸ ನೋಂದಣಿ) ಶಾಂಘೈಗೆ ಬದಲಿಸೋಕೆ ಕಂಪನಿ ಪಾಯಿಂಟ್ಸ್ ಹೇಗೆ ಲೆಕ್ಕ ಆಗುತ್ತೆ ಮೇಡಂ?

ರಾಜಾಜಿನಗರ ರಾಯರು: ನೋಟಿಸ್ 90 ದಿನ ಇಡಬಹುದೇ?

ಎಚ್‌ಆರ್ ಅಕ್ಕ: ಮೇಲೆ ಓದಿ.

ಯಲಹಂಕ: ಮೇಡಂ 60 ದಿನ ಆದ್ರೆ?

ಎಚ್‌ಆರ್ ಅಕ್ಕ: 30.

ಬೆಳಗಾವಿ ಮಂದಿ: ಬರೇ ಅವರ ಪರನ ಮಾತಾಡ್ತೀರಿ ನೀವು. ಮ್ಯಾನೇಜರ್ ಕಷ್ಟ ಯಾರ ಕೇಳವ್ರು?

ಎಚ್‌ಆರ್ ಅಕ್ಕ: ನಿಮ್ಮ ಪ್ರಶ್ನೆ ಏನು? ಇದ್ದರೆ ಬರೀರಿ. ಗಂಟೆಯಿಂದ ಒಂದೂ ಪ್ರಶ್ನೆ ಕೇಳಿಲ್ಲ ನೀವು.

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ.

ಉಡುಪಿ ಟು ಉಹಾನ್: ಮೇಡಂ, ನನ್ನ ಪ್ರಶ್ನೆ?

ಸೂಜೌ ಶಟಲ್: ಅಕ್ಕ, ತುಂಬಾ ಥ್ಯಾಂಕ್ಸ್. ರಿಪೋರ್ಟ್ ವಿಷಯ ವಿಚಾರಿಸಿದೆ. ನಮ್ಮ ಬೆಂಗಳೂರಿನ ಹುಡುಗರೇ ಟೆಸ್ಟ್ ಸ್ಪೆಕ್ ಎರಡು ಸಲ ಬದಲಿಸಿದ್ದಾರೆ, ನನಗೆ ಹೇಳೇ ಇಲ್ಲ. ಮುಂದಿನ ಬುಧವಾರಕ್ಕೆ ಫ್ಲೈಟ್ ನೋಡ್ತಿದ್ದೀನಿ.

ಎಚ್‌ಆರ್ ಅಕ್ಕ: ಒಳ್ಳೇದು. ಇನ್ನೊಂದು ನೋಡಿ. ಗ್ರೂಪ್ ಕಂಪನಿಗೆ ಬದಲಿಸೋಣ ಅಂತ ಎಚ್‌ಆರ್ ಹಾಕಿದ ಮೇಲ್ ಯಾರ್‍ಯಾರಿಗೆ ಹೋಗಿದೆ?

ಸೂಜೌ ಶಟಲ್: ನನಗೆ, ಫೈನಾನ್ಸಿಗೆ. ಮತ್ತೆ ಲ್ಯಾಬ್ ಲೀಡರ್ಸ್ ಅಂತ ಒಂದು ಮೇಲ್ ಲಿಸ್ಟ್... ಅಯ್ಯೋ. ಅದರಲ್ಲಿ ಅವರೂ ಇದ್ದಾರೆ.

ಎಚ್‌ಆರ್ ಅಕ್ಕ: ಹಾಗಾದರೆ ಬುಧವಾರ ಬೇಡ, ನಾಳೆಯೇ ಫೋನ್ ಮಾಡಿ. ಅಲ್ಲಿ ಎರಡೂವರೆ ಗಂಟೆ ಮುಂದೆ, ನಮ್ಮ ಬೆಳಿಗ್ಗೆ ಆರೂವರೆಗೆ ಅವರು ಲ್ಯಾಬಲ್ಲಿ ಇರ್ತಾರೆ. ವಿಡಿಯೊ ಬೇಡ, ಬರೀ ಕಾಲ್.