ಸಾಂಕ್ರಾಮಿಕ ರೋಗ, ವಿಮಾನಯಾನ, ಆರ್ಥಿಕತೆ: ಸಾವಿನ ಸಂಖ್ಯೆಗೂ ನಷ್ಟದ ಮೊತ್ತಕ್ಕೂ ಏಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ಅಂಕಿಜಿಜ್ಞಾಸು

ಎಲ್ಲರಿಗೂ ನಮಸ್ಕಾರ. 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಉಸಿರಾಟದ ಸೋಂಕಿನ ಹಾವಳಿಯ ಬಗ್ಗೆ ಓದುತ್ತಿದ್ದಾಗ ಒಂದು ಲೆಕ್ಕ ನನಗೆ ಬಗೆಹರಿಯಲಿಲ್ಲ. ಇಡೀ ಜಗತ್ತಿನಲ್ಲಿ ಆ ರೋಗ ತಗುಲಿದ್ದು 8,098 ಮಂದಿಗೆ, ಅವರಲ್ಲಿ ಸತ್ತವರು 774 ಮಂದಿ. ಆದರೆ ಆ ಒಂದೇ ವರ್ಷದಲ್ಲಿ ಏಷ್ಯಾ-ಪೆಸಿಫಿಕ್ ವಲಯದ ವಿಮಾನಯಾನ ಸಂಸ್ಥೆಗಳು ಕಳೆದುಕೊಂಡ ಆದಾಯ ಸುಮಾರು 600 ಕೋಟಿ ಡಾಲರ್ ಎಂದು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಅಂದಾಜು ಮಾಡಿದೆ. ಋತುಮಾನದ ಜ್ವರಕ್ಕೆ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಬಲಿಯಾಗುತ್ತಾರೆ. ಆದರೂ ಅದಕ್ಕಾಗಿ ಒಂದು ವಿಮಾನವೂ ನಿಂತದ್ದನ್ನು ನಾನು ಕೇಳಿಲ್ಲ.

ಹಾಗಾದರೆ ನಷ್ಟವನ್ನು ನಿರ್ಧರಿಸುವುದು ರೋಗವೋ, ಸರ್ಕಾರಗಳ ನಿರ್ಬಂಧವೋ, ಜನರ ಭಯವೋ? ವಿಮಾನ ಸಂಚಾರವನ್ನು ನಿಲ್ಲಿಸುವುದರಿಂದ ರೋಗವಾದರೂ ನಿಲ್ಲುತ್ತದೆಯೇ? ಅರ್ಥಶಾಸ್ತ್ರ ನನ್ನ ಓದಿನ ವಿಷಯವಲ್ಲ. ಆದ್ದರಿಂದ ತಿಳಿದವರು ಸ್ವಲ್ಪ ಬಿಡಿಸಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಲೆಕ್ಕಿಗ

ನೀವು ಹೆಸರಿಸಿದ ಮೂರರಲ್ಲಿ ನಾನು ಭಯಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಕಾಯಿಲೆ ಬಿದ್ದವರು ಕೆಲಸಕ್ಕೆ ಹೋಗಲಾಗದೆ ಆಗುವ ನಷ್ಟ, ಆಸ್ಪತ್ರೆಯ ಖರ್ಚು, ಸಾವಿನಿಂದ ಕಳೆದುಹೋಗುವ ದುಡಿಮೆ ಇವೆಲ್ಲವೂ ನಿಜವಾದ ನಷ್ಟಗಳೇ. ಆದರೆ ರೋಗ ತಗುಲದವರು ರೋಗಕ್ಕೆ ಹೆದರಿ ಪ್ರಯಾಣ, ಹೋಟೆಲು, ಮಾರುಕಟ್ಟೆ, ಸಮಾರಂಭಗಳಿಂದ ದೂರ ಉಳಿಯುವುದರಿಂದ ಆಗುವ ನಷ್ಟ ಇವುಗಳಿಗಿಂತ ಎಷ್ಟೋ ಪಾಲು ದೊಡ್ಡದು. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬ ಪ್ರಯಾಣಿಕನಿಂದ ಆರಂಭವಾದ ಮೆರ್ಸ್ ಎಂಬ, ಸಾರ್ಸ್‌ನಂಥದೇ ಉಸಿರಾಟದ ಸೋಂಕು 186 ಜನರಿಗೆ ತಗುಲಿ 38 ಜನರ ಪ್ರಾಣ ತೆಗೆಯಿತು. ಸೋಂಕು ಹರಡಿದ್ದು ಬಹುತೇಕ ಆಸ್ಪತ್ರೆಗಳ ಒಳಗೇ, ಬೀದಿಗಳಲ್ಲಲ್ಲ. ಆದರೂ ಆ ಜೂನ್‌ನಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷದ ಜೂನ್‌ಗಿಂತ ಶೇ. 40ಕ್ಕೂ ಹೆಚ್ಚು ಕುಸಿಯಿತು, ಮತ್ತು ಕುಗ್ಗಿದ ವಹಿವಾಟಿಗೆ ಚೇತರಿಕೆ ಕೊಡಲು ದೇಶದ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಶೇ. 1.5ಕ್ಕೆ ಇಳಿಸಿತು.

ಇನ್ನು ಈ ಏಟು ವಿಮಾನಯಾನಕ್ಕೇ ಇಷ್ಟು ಜೋರಾಗಿ ಏಕೆ ಬೀಳುತ್ತದೆ ಎಂಬುದು. ವಿಮಾನದ ಸೀಟು ದಾಸ್ತಾನು ಇಡಲಾಗದ ಸರಕು. ಇವತ್ತು ಖಾಲಿ ಹೋದ ಸೀಟನ್ನು ನಾಳೆ ಮಾರಲು ಬರುವುದಿಲ್ಲ. ಅದರ ಜೊತೆಗೆ ವಿಮಾನದ ಲೀಸ್ ಬಾಡಿಗೆ, ಸಾಲದ ಕಂತು, ಸಿಬ್ಬಂದಿಯ ಸಂಬಳ, ವಿಮೆ, ನಿಲುಗಡೆ ಶುಲ್ಕ ಇವು ವಿಮಾನ ಹಾರಿದರೂ ಹಾರದಿದ್ದರೂ ತಪ್ಪುವುದಿಲ್ಲ. ಹಾರಾಟ ನಿಲ್ಲಿಸಿದಾಗ ಉಳಿತಾಯವಾಗುವ ಮುಖ್ಯ ಖರ್ಚು ಇಂಧನದ್ದು. ಅದರಲ್ಲೂ ಕೋವಿಡ್ ಹಬ್ಬಿದ 2020ರಲ್ಲಿ ಒಂದು ವಿಪರೀತ ನಡೆಯಿತು: ತೈಲದ ಬೆಲೆ ಏರಬಹುದೆಂದು ಮುಂಚೆಯೇ ದರ ಗೊತ್ತುಮಾಡಿಕೊಂಡು ಒಪ್ಪಂದ ಮಾಡಿಕೊಂಡಿದ್ದ ಸಂಸ್ಥೆಗಳು, ಬೆಲೆ ಪಾತಾಳಕ್ಕೆ ಇಳಿದಾಗ ತಾವು ಸುಡದೇ ಇದ್ದ ಇಂಧನದ ಮೇಲೂ ನಷ್ಟ ಕಟ್ಟಿಕೊಡಬೇಕಾಯಿತು.

ಹೊರಗಿನವರ ಕಣ್ಣಿಗೆ ಬೀಳದ ಮತ್ತೊಂದು ಸಂಗತಿಯೆಂದರೆ ಮುಂಗಡ ಟಿಕೆಟ್ಟಿನ ಹಣ. ಮೂರು ತಿಂಗಳ ಮುಂಚೆ ನೀವು ಕೊಟ್ಟ ಹಣವನ್ನು ಸಂಸ್ಥೆ ಈ ವಾರದ ಸಂಬಳಕ್ಕೆ, ಇಂಧನಕ್ಕೆ ತಿರುಗಿಸುತ್ತಿರುತ್ತದೆ. ಎಲ್ಲರೂ ಒಮ್ಮೆಲೇ ಮರುಪಾವತಿ ಕೇಳಿದರೆ ಅದು ಠೇವಣಿದಾರರೆಲ್ಲ ಒಂದೇ ದಿನ ಬ್ಯಾಂಕಿನ ಬಾಗಿಲಿಗೆ ಬಂದು ನಿಂತಂತೆ. 2020ರ ಆರಂಭದ ತಿಂಗಳುಗಳಲ್ಲಿ ಹಣದ ಬದಲು ವೋಚರ್ ಕೊಡಲು ಸಂಸ್ಥೆಗಳು ಅಷ್ಟು ಹಟ ಹಿಡಿದದ್ದು ಈ ಕಾರಣಕ್ಕೇ ಹೊರತು ಬರಿಯ ದುರಾಸೆಯಿಂದಲ್ಲ, ಪ್ರಯಾಣಿಕರ ಸಿಟ್ಟು ನ್ಯಾಯವೇ ಆಗಿದ್ದರೂ ಕೂಡ.

ಆ ವರ್ಷದ ಒಟ್ಟು ಲೆಕ್ಕ ಹೀಗಿದೆ: 2019ರಲ್ಲಿ ಸುಮಾರು 450 ಕೋಟಿಯಿದ್ದ ವಿಮಾನ ಪ್ರಯಾಣಿಕರ ಸಂಖ್ಯೆ 2020ರಲ್ಲಿ ಸುಮಾರು 180 ಕೋಟಿಗೆ ಇಳಿಯಿತು, ಮತ್ತು ವಿಮಾನಯಾನ ಸಂಸ್ಥೆಗಳ ನಿವ್ವಳ ನಷ್ಟ 13,000 ಕೋಟಿ ಡಾಲರ್ ದಾಟಿತು. ಜಗತ್ತಿನ ಒಟ್ಟು ಉತ್ಪನ್ನ ಕುಗ್ಗಿದ್ದು ಸುಮಾರು ಶೇ. 3ರಷ್ಟು, ವಿಮಾನ ಪ್ರಯಾಣಿಕರ ಸಂಖ್ಯೆ ಕುಗ್ಗಿದ್ದು ಶೇ. 60ರಷ್ಟು. ಜರ್ಮನಿಯ ವಿಮಾನಯಾನ ಸಂಸ್ಥೆ ಲುಫ್ತಾನ್ಸಾವನ್ನು ಉಳಿಸಲು 900 ಕೋಟಿ ಯೂರೊಗಳ ನೆರವಿನ ಯೋಜನೆ ಬೇಕಾಯಿತು. ಲ್ಯಾಟಿನ್ ಅಮೆರಿಕದ ಏವಿಯಾಂಕಾ, ಲಾಟಾಮ್‌ನಂಥ ದೊಡ್ಡ ಸಂಸ್ಥೆಗಳು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿದವು.

ಉತ್ತರ 2: ಹ್ಯಾಂಗರ್‌ನಿಂದ

ಲೆಕ್ಕಿಗ ಅವರ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ. ವಿಮಾನ ನಿರ್ವಹಣೆಯ ಕೆಲಸದಲ್ಲಿರುವವನಾಗಿ ಹೇಳುವುದಾದರೆ, ವಿಮಾನವನ್ನು ನಿಲ್ಲಿಸುವುದೇ ಒಂದು ದುಬಾರಿ ಕೆಲಸ. ಎಂಜಿನ್ನಿನ ಬಾಯಿಗೆ, ವೇಗ ಅಳೆಯುವ ಪಿಟೊ ಕೊಳವೆಗಳಿಗೆ ಮುಚ್ಚಳ ಹಾಕಬೇಕು. ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಎಂಜಿನ್ನಿನೊಳಗೆ ಇಡಬೇಕು. ಟೈರಿನ ಒಂದೇ ಭಾಗದ ಮೇಲೆ ಭಾರ ಕೂತು ಅದು ಚಪ್ಪಟೆಯಾಗದಂತೆ ಆಗಾಗ ಚಕ್ರಗಳನ್ನು ತಿರುಗಿಸಬೇಕು. ಇಂಧನದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ನೋಡಿಕೊಳ್ಳಬೇಕು. ಇಷ್ಟಾದರೂ ತೊಂದರೆ ತಪ್ಪಲಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತಿದ್ದ ಬೋಯಿಂಗ್ 737ರ ಹಳೆಯ ಮಾದರಿಗಳಲ್ಲಿ ಎಂಜಿನ್ನಿನ ಒಂದು ಕವಾಟ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತಿದೆಯೆಂದು ಅಮೆರಿಕದ ನಿಯಂತ್ರಕರು 2020ರ ಜುಲೈಯಲ್ಲಿ ತುರ್ತು ತಪಾಸಣೆಗೆ ಆದೇಶಿಸಿದರು. ಮರುತಿಂಗಳೇ ಯುರೋಪಿನ ನಿಯಂತ್ರಕರು, ನಿಂತಿದ್ದ ವಿಮಾನಗಳು ಮತ್ತೆ ಹಾರಾಟಕ್ಕಿಳಿದಾಗ ವೇಗಮಾಪಕಗಳು ತಪ್ಪು ತೋರಿಸುತ್ತಿವೆ, ಕೊಳವೆಗಳೊಳಗೆ ಕೀಟಗಳು ಸೇರಿಕೊಂಡಿರುವುದೂ ಇದಕ್ಕೆ ಕಾರಣ ಎಂದು ಎಚ್ಚರಿಸಿದರು.

ಯಂತ್ರದ್ದು ಈ ಕತೆಯಾದರೆ ಮನುಷ್ಯರದ್ದು ಇನ್ನೊಂದು. ಕಳೆದ 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ಮೇಲೇರಿಸಿ ಇಳಿಸದ ಪೈಲಟ್ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಆ ಲೆಕ್ಕವನ್ನು ಸಿಮ್ಯುಲೇಟರಿನಲ್ಲಿ ತುಂಬಬಹುದು ನಿಜ, ಆದರೆ ಸಾವಿರಾರು ಪೈಲಟ್‌ಗಳು ಒಮ್ಮೆಲೇ ಬಂದರೆ ಅಷ್ಟು ಸಿಮ್ಯುಲೇಟರುಗಳು ಎಲ್ಲಿವೆ? ಸಾಮಾನು ಇಳಿಸುವವರು, ಭದ್ರತಾ ತಪಾಸಕರು ಬೇರೆ ಉದ್ಯೋಗ ಹುಡುಕಿಕೊಂಡು ಹೋದರು. ಅವರ ಜಾಗಕ್ಕೆ ಬರುವ ಹೊಸಬರ ಹಿನ್ನೆಲೆ ಪರಿಶೀಲನೆಗೇ ವಾರಗಟ್ಟಲೆ ಬೇಕು. ಇದರ ಫಲ 2022ರ ಬೇಸಿಗೆಯಲ್ಲಿ ಬಯಲಾಯಿತು. ಪ್ರಯಾಣಿಕರು ಸಾಲುಗಟ್ಟಿ ಬಂದರು, ಅವರನ್ನು ಸಾಗಿಸುವವರು ಸಾಲದಾದರು, ಕೊನೆಗೆ ಲಂಡನ್ನಿನ ಹೀಥ್ರೂ ನಿಲ್ದಾಣ ದಿನಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜನ ಹೊರಡುವಂತಿಲ್ಲ ಎಂದು ಮಿತಿ ಹಾಕಿತು. ಆ ಹೊತ್ತಿಗೆ ಕಡಿಮೆಯಾಗಿದ್ದದ್ದು ಬೇಡಿಕೆಯಲ್ಲ, ಸಾಮರ್ಥ್ಯ. ಆದ್ದರಿಂದ ನಷ್ಟದ ಲೆಕ್ಕವನ್ನು ರೋಗ ಇಳಿದ ತಿಂಗಳಿಗೇ ಮುಗಿಸಿಬಿಡುವ ವರದಿಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಜಾಗತಿಕ ಪ್ರಯಾಣ 2019ರ ಮಟ್ಟವನ್ನು ಇಡೀ ವರ್ಷದ ಲೆಕ್ಕದಲ್ಲಿ ದಾಟಿದ್ದು 2024ರಲ್ಲಿ.

ಉತ್ತರ 3: ಜನಾರೋಗ್ಯ

ಎರಡನೆಯ ಪ್ರಶ್ನೆಗೆ, ಅಂದರೆ ವಿಮಾನ ನಿಲ್ಲಿಸಿದರೆ ರೋಗ ನಿಲ್ಲುತ್ತದೆಯೇ ಎಂಬುದಕ್ಕೆ ಬರುತ್ತೇನೆ. ನಿಲ್ಲುವುದಿಲ್ಲ, ತಡವಾಗುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೆ ಸೋಂಕಿತರು ಆಗಲೇ ಪ್ರಯಾಣ ಮಾಡಿರುತ್ತಾರೆ. ಸಾರ್ಸ್ ಸಂದರ್ಭದಲ್ಲಿ ಹಾಂಗ್‌ಕಾಂಗಿನ ಒಂದು ಹೋಟೆಲಿನಲ್ಲಿ 2003ರ ಫೆಬ್ರವರಿಯಲ್ಲಿ ತಂಗಿದ್ದ ಒಬ್ಬ ರೋಗಿಯಿಂದ ಸೋಂಕು ಅಂಟಿಸಿಕೊಂಡ ಇತರ ಅತಿಥಿಗಳು ವಿಮಾನ ಹತ್ತಿ ಹನೋಯ್, ಸಿಂಗಪುರ, ಟೊರಾಂಟೊಗಳಿಗೆ ಹೋದರು. ಆಗ ಆ ರೋಗಕ್ಕೆ ಹೆಸರೇ ಇರಲಿಲ್ಲ.

ಹಾಗೆಂದು ತಡವಾಗುವುದನ್ನು ಹಗುರವಾಗಿ ಕಾಣಬಾರದು. ಆ ಕೆಲವು ದಿನಗಳಲ್ಲೋ ವಾರಗಳಲ್ಲೋ ಪರೀಕ್ಷೆ, ಹಾಸಿಗೆ, ಆಮ್ಲಜನಕ ಇವುಗಳ ಸಿದ್ಧತೆ ನಡೆದರೆ ನಿರ್ಬಂಧಕ್ಕೆ ತಕ್ಕ ಬೆಲೆ ಸಿಕ್ಕಿತು. ಸಿದ್ಧತೆ ನಡೆಯದಿದ್ದರೆ ಖರ್ಚು ಮಾತ್ರ ಉಳಿಯಿತು. ನ್ಯೂಜಿಲೆಂಡಿನಂಥ ದ್ವೀಪರಾಷ್ಟ್ರ ಗಡಿ ಮುಚ್ಚಿ, ಬಂದವರನ್ನೆಲ್ಲ ಕ್ವಾರಂಟೈನಿನಲ್ಲಿಟ್ಟು, ಲಸಿಕೆ ಬರುವವರೆಗೂ ಸಾವನ್ನು ತಡೆದದ್ದು ನಿಜ. ಆದರೆ ಭೂಗಡಿಗಳಿರುವ ದೇಶ ಅದನ್ನೇ ನಕಲು ಮಾಡಿದರೆ ಅದೇ ಫಲ ಸಿಗುವುದಿಲ್ಲ.

ವಿಮಾನದ ಒಳಗಿನ ಗಾಳಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಭಯದ ಬೇರು ಬಹಳ ಮಟ್ಟಿಗೆ ಅಲ್ಲಿದೆ. ಹಾರಾಟದಲ್ಲಿರುವಾಗ ಕ್ಯಾಬಿನ್ನಿನ ಗಾಳಿ ಗಂಟೆಗೆ 20ರಿಂದ 30 ಬಾರಿ ಬದಲಾಗುತ್ತದೆ, ಮರುಬಳಕೆಯಾಗುವ ಗಾಳಿ ಅತಿಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರುಗಳ ಮೂಲಕ ಹಾದುಬರುತ್ತದೆ. ಹೆಚ್ಚಿನ ಅಪಾಯ ಇರುವುದು ವಿಮಾನ ನೆಲದ ಮೇಲೆ ಗಾಳಿಯಾಡದೆ ನಿಂತಾಗ. 1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ಕೆಟ್ಟು ಗಂಟೆಗಟ್ಟಲೆ ನಿಂತ ವಿಮಾನವೊಂದರಲ್ಲಿ ಒಬ್ಬರಿಗೆ ಇನ್‌ಫ್ಲುಯೆಂಜಾ ಇತ್ತು, ಗಾಳಿ ವ್ಯವಸ್ಥೆ ಬಂದ್ ಆಗಿತ್ತು. ಮೂರು ದಿನಗಳೊಳಗೆ ಪ್ರಯಾಣಿಕರಲ್ಲಿ ಶೇ. 72ರಷ್ಟು ಮಂದಿ ಹಾಸಿಗೆ ಹಿಡಿದರು. ಆದರೆ ಹಾರಾಟ ಪೂರ್ತಿ ಸುರಕ್ಷಿತವೆಂದೂ ಅಲ್ಲ. 2003ರ ಮಾರ್ಚ್ 15ರಂದು ಹಾಂಗ್‌ಕಾಂಗಿನಿಂದ ಬೀಜಿಂಗಿಗೆ ಹೋದ ವಿಮಾನದಲ್ಲಿ ಒಬ್ಬ ರೋಗಿಯಿಂದ 20ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ತಗುಲಿತೆಂದು ತನಿಖೆ ಹೇಳಿತು, ಅವರಲ್ಲಿ ಹಲವರು ಆತನಿಂದ ಎಷ್ಟೋ ಸಾಲು ದೂರ ಕೂತಿದ್ದರು.

ಮರುಪ್ರಶ್ನೆ: ಅಂಕಿಜಿಜ್ಞಾಸು

ಮೂವರಿಗೂ ಧನ್ಯವಾದಗಳು. ಇದರಿಂದ ಇನ್ನೊಂದು ಸಂದೇಹ ಹುಟ್ಟಿತು. ವಿಮಾನಗಳು ನಿಂತಾಗ ಪ್ರಯಾಣಿಕರಲ್ಲದೆ ಬೇರೆ ಏನೆಲ್ಲ ನಿಲ್ಲುತ್ತದೆ? ಮತ್ತು ನಿರ್ಬಂಧಕ್ಕೆ ಒಳಗಾಗುವ ದೇಶಕ್ಕೆ ಇಷ್ಟು ನಷ್ಟವಾಗುವುದಾದರೆ, ರೋಗವನ್ನು ಬಹಿರಂಗಪಡಿಸದೆ ಮುಚ್ಚಿಡುವ ಆಸೆ ಆ ದೇಶಕ್ಕೆ ಹುಟ್ಟುವುದಿಲ್ಲವೇ?

ಉತ್ತರ 4: ಲೆಕ್ಕಿಗ

ಮೊದಲನೆಯದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ವಾಯುಮಾರ್ಗದ ಸರಕಿನಲ್ಲಿ ಸುಮಾರು ಅರ್ಧದಷ್ಟು ಹೋಗುವುದು ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ, ನಿಮ್ಮ ಸೂಟ್‌ಕೇಸಿನ ಪಕ್ಕದಲ್ಲಿ. ತೂಕದಲ್ಲಿ ಅದು ವಿಶ್ವವ್ಯಾಪಾರದ ಶೇ. 1ಕ್ಕಿಂತ ಕಡಿಮೆ, ಬೆಲೆಯಲ್ಲಿ ಮೂರನೆಯ ಒಂದು ಭಾಗದಷ್ಟು: ಔಷಧ, ಎಲೆಕ್ಟ್ರಾನಿಕ್ ಚಿಪ್, ಯಂತ್ರದ ಬಿಡಿಭಾಗ, ತಾಜಾ ಹೂವು. ಪ್ರಯಾಣಿಕ ವಿಮಾನಗಳು ನಿಂತ ಕೂಡಲೇ ಸರಕಿನ ದರ ಗಗನಕ್ಕೇರಿತು. ಸೀಟುಗಳನ್ನು ಕಿತ್ತು ಪೆಟ್ಟಿಗೆ ತುಂಬಿಸಿ ಹಾರಿಸಿದವರೂ ಇದ್ದಾರೆ. ಕೊರಿಯನ್ ಏರ್ 2020ರಲ್ಲೂ ಕಾರ್ಯಾಚರಣೆಯಲ್ಲಿ ಲಾಭ ಕಂಡದ್ದು ಸರಕಿನ ಬಲದಿಂದ.

ಉತ್ತರ 5: ಗಡಿಯಾಚೆ

ಎರಡನೆಯ ಸಂದೇಹವೇ ಈ ಚರ್ಚೆಯ ತಿರುಳು ಎಂದು ನನಗೆ ತೋರುತ್ತದೆ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗ್ ಸುದ್ದಿ ಹಬ್ಬಿದಾಗ ಸತ್ತವರು 60ಕ್ಕಿಂತ ಕಡಿಮೆ. ಆದರೂ ಕೊಲ್ಲಿ ದೇಶಗಳೂ ಸೇರಿದಂತೆ ಹಲವು ದೇಶಗಳು ಭಾರತದೊಂದಿಗಿನ ವಿಮಾನ ಸಂಪರ್ಕವನ್ನೇ ಕಡಿದುಕೊಂಡವು. 2014ರ ಎಬೋಲಾ ಸಮಯದಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಿಗೆ ಹೆಚ್ಚಿನ ಸಂಸ್ಥೆಗಳು ಹಾರಾಟ ನಿಲ್ಲಿಸಿದ್ದರಿಂದ ನೆರವಿಗೆ ಹೊರಟ ವೈದ್ಯರಿಗೇ ದಾರಿ ಕಷ್ಟವಾಯಿತು; ಬ್ರಸೆಲ್ಸ್ ಏರ್‌ಲೈನ್ಸ್ ಮತ್ತು ರಾಯಲ್ ಏರ್ ಮಾರೊಕ್ ಹಾರಾಟ ಮುಂದುವರಿಸದಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತಿತ್ತು. ಆ ಮೂರು ದೇಶಗಳಿಗೆ 2015ರಲ್ಲಿ ತಪ್ಪಿಹೋದ ಉತ್ಪನ್ನ 220 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ ಅಂದಾಜಿಸಿತು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕೋವಿಡ್ ವೈರಸ್ಸಿನ ಒಮಿಕ್ರಾನ್ ತಳಿಯನ್ನು ಗುರುತಿಸಿ ತಡಮಾಡದೆ ಜಗತ್ತಿಗೆ ತಿಳಿಸಿದರು. ಅದಕ್ಕೆ ಅವರಿಗೆ ಸಿಕ್ಕ ಪ್ರತಿಫಲ ಮರುದಿನದಿಂದಲೇ ರದ್ದಾಗತೊಡಗಿದ ವಿಮಾನಗಳು. ಅದೇ ತಳಿ ಅದಕ್ಕಿಂತ ಮುಂಚೆಯೇ ನೆದರ್ಲೆಂಡ್ಸ್‌ನಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ ಇತ್ತೆಂಬುದು ಆಮೇಲೆ ತಿಳಿಯಿತು.

ಕಾನೂನು ಇಲ್ಲವೆಂದಲ್ಲ. ಸಾರ್ಸ್ ಅನುಭವದ ನಂತರ 2005ರಲ್ಲಿ ತಿದ್ದಿದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 43ನೆಯ ವಿಧಿಯ ಪ್ರಕಾರ, ಪ್ರಯಾಣಿಕರನ್ನು ಒಳಬಿಡದ ಅಥವಾ 24 ಗಂಟೆಗಿಂತ ಹೆಚ್ಚು ತಡೆಯುವಂಥ ಹೆಚ್ಚುವರಿ ಕ್ರಮ ಕೈಗೊಂಡ ದೇಶ 48 ಗಂಟೆಯೊಳಗೆ ಅದರ ಆರೋಗ್ಯ ಕಾರಣವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ತಿಳಿಸದಿದ್ದರೆ ದಂಡವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ತೂಕವಿದೆ, ಆದರೆ ಆ ತೂಕ ಎರಡೂ ಕಡೆ ಬೀಳುತ್ತದೆ: 2003ರ ಏಪ್ರಿಲ್ 23ರಂದು ಟೊರಾಂಟೊಗೆ ಅನಗತ್ಯ ಪ್ರಯಾಣ ಬೇಡವೆಂದ ಸಲಹೆಯನ್ನು ಅದೇ ಸಂಸ್ಥೆ ಒಂದು ವಾರದಲ್ಲಿ ಹಿಂತೆಗೆದುಕೊಂಡರೂ, ಪ್ರವಾಸಿಗರನ್ನು ಮರಳಿ ಕರೆಯಲು ಆ ನಗರ ಜುಲೈ ಕೊನೆಯಲ್ಲಿ ಲಕ್ಷಗಟ್ಟಲೆ ಜನ ಸೇರುವ ಸಂಗೀತ ಕಾರ್ಯಕ್ರಮ ನಡೆಸಬೇಕಾಯಿತು.

ನನ್ನ ಅಭಿಪ್ರಾಯದಲ್ಲಿ ಮುಚ್ಚಿಡುವ ಆಸೆಗೆ ಮದ್ದು ಪರಿಹಾರ ಧನ, ಅದೂ ತಡವಾಗದೆ ಬರುವ ಧನ. 2017ರಲ್ಲಿ ವಿಶ್ವಬ್ಯಾಂಕ್ ಬಡ ದೇಶಗಳಿಗಾಗಿ 32 ಕೋಟಿ ಡಾಲರ್‌ಗಳ ಸಾಂಕ್ರಾಮಿಕ ಬಾಂಡ್‌ಗಳನ್ನು, ಅಂದರೆ ರೋಗ ಗೊತ್ತುಮಾಡಿದ ಮಟ್ಟ ಮುಟ್ಟಿದರೆ ಹೂಡಿಕೆದಾರರ ಹಣ ರೋಗಪೀಡಿತ ದೇಶಗಳಿಗೆ ಹೋಗುವಂಥ ಸಾಲಪತ್ರಗಳನ್ನು, ಹೊರತಂದಿತು. ಆದರೆ ಎಬೋಲಾ ವಿಷಯದಲ್ಲಿ ಹಣ ಬಿಡುಗಡೆಯಾಗಲು ರೋಗ ಗಡಿ ದಾಟಬೇಕು, ಎರಡನೆಯ ದೇಶದಲ್ಲೂ ಕನಿಷ್ಠ 20 ಮಂದಿ ಸಾಯಬೇಕು ಎಂಬ ಷರತ್ತಿತ್ತು. ಕಾಂಗೋದಲ್ಲಿ 2018ರಿಂದ ನಡೆದ ಹಾವಳಿ 2,000ಕ್ಕೂ ಹೆಚ್ಚು ಜೀವ ತೆಗೆದರೂ ಆ ಷರತ್ತು ಪೂರ್ತಿಯಾಗದೆ ಬಾಂಡ್‌ಗಳಿಂದ ಹಣ ಬರಲಿಲ್ಲ. ಕೋವಿಡ್‌ಗೆ ಸುಮಾರು 20 ಕೋಟಿ ಡಾಲರ್ ಬಿಡುಗಡೆಯಾದದ್ದು 2020ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಜಗತ್ತಿನ ಬಹುಪಾಲು ವಿಮಾನಗಳು ನೆಲ ಹಿಡಿದಾಗಿತ್ತು. ಹೆಣದ ಲೆಕ್ಕಕ್ಕೆ ಕಾಯುವ ಬದಲು, ಒಂದು ದೇಶ ರೋಗವನ್ನು ವರದಿ ಮಾಡಿದ ದಿನವೇ ಒಂದು ಕಂತು ಕೈಸೇರುವಂತೆ, ಮತ್ತು ಅದರ ಮೇಲೆ ಪ್ರಯಾಣ ನಿರ್ಬಂಧ ಹೇರಿದ ದೇಶಗಳೂ ಆ ನಿಧಿಗೆ ಹಣ ಸೇರಿಸುವಂತೆ ಷರತ್ತುಗಳನ್ನು ಬರೆಯಬಹುದಿತ್ತು.