ಬಿಳಿ ದೀಪ ಹಾಕಿದ ಕೂಡಲೇ ಕೆಂಪು-ಹಸಿರೂ ಮಂಕಾಗುತ್ತಿವೆ

ಪ್ರಶ್ನೆ, ಹಿರಿಯೂರಿನಿಂದ:
ನಮಸ್ಕಾರ. ಮಾರಿಕಣಿವೆ ಹಿನ್ನೀರಿನಲ್ಲಿ ಓಡಿಸುವ 14 ಅಡಿ ಫೈಬರ್ ದೋಣಿ, 12 ವೋಲ್ಟ್ ಬ್ಯಾಟರಿ. ಮುಂದೆ ಕೆಂಪು, ಹಸಿರು ದೀಪ. ಹಿಂದೆ ಕಂಬದ ಮೇಲೆ ಬಿಳಿ. ಮೂರೂ 10 ವ್ಯಾಟ್ ಬಲ್ಬ್. ಮುಂದಿನ ಎರಡೇ ಹಾಕಿದರೆ ಪರವಾಗಿಲ್ಲ. ಬಿಳಿಯದನ್ನೂ ಹಾಕಿದರೆ ಮೂರೂ ಮಂಕು. ಬ್ಯಾಟರಿ ಬದಲಾಯಿಸಿ ಅಂತಾರೆ. ಆದರೆ ಮೀಟರ್‌ನಲ್ಲಿ 12.6 ಬರುತ್ತಿದೆ.

ಉತ್ತರ, ದಾವಣಗೆರೆಯಿಂದ:
ಬ್ಯಾಟರಿಗೆ ದುಡ್ಡು ಹಾಕಬೇಡಿ ಸರ್. ಮೂರು ಬಲ್ಬ್ ಸೇರಿ ಎಳೆಯುವುದು ಎರಡೂವರೆ ಆಂಪಿಯರ್ ಅಷ್ಟೇ. ಮೂರಕ್ಕೂ ಸೇರಿದ ದಾರಿಯಲ್ಲಿ ಎಲ್ಲೋ ತಡೆ ಇದೆ.

ಮೂರೂ ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ಆಫ್ ಮಾಡಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ತಪ್ಪು ಗೊತ್ತಾಗಲ್ಲ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ದೀಪದ ನೆಗೆಟಿವ್‌ಗೆ ಇಡಿ. ಆಮೇಲೆ ಪಾಸಿಟಿವ್‌ನಿಂದ ಪಾಸಿಟಿವ್‌ಗೆ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಎರಡೂ ಕೂಡಿ 0.36 ವೋಲ್ಟ್, ಅಂದರೆ 12ರ ಶೇ. 3 ದಾಟಬಾರದು.

ಹಿರಿಯೂರಿನಿಂದ:
ಪಾಸಿಟಿವ್ ಕಡೆ 0.2. ನೆಗೆಟಿವ್ ಕಡೆ 1.7! ಸೀಟಿನ ಕೆಳಗೆ ಮೂರು ನೆಗೆಟಿವ್ ವೈರ್ ತಿರುಚಿ ಟೇಪ್ ಸುತ್ತಿದ್ದಾರೆ. ಬಿಚ್ಚಿದೆ. ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು, ಉಗುರು ತಾಗಿಸಿದರೆ ಪುಡಿ ಉದುರುತ್ತದೆ.

ದಾವಣಗೆರೆಯಿಂದ:
ಸಿಕ್ಕಿತು ನೋಡಿ. ಕೆರೆ ನೀರಾದರೂ ತೇವ ಬಿಡಲ್ಲ, ಟೇಪ್ ಒಳಗೆ ಕೂತು ತಿನ್ನುತ್ತದೆ. ಸುಮ್ನೆ ಉಜ್ಜಿ ಮತ್ತೆ ತಿರುಚಬೇಡಿ. ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಒಳಗೂ ಕಪ್ಪಾಗಿದ್ದರೆ ಆ ವೈರ್ ಪೂರ್ತಿ ತೆಗೆಯಿರಿ. ತವರ ಲೇಪಿಸಿದ ಎಳೆಗಳ 1.5 ಚದರ ಮಿಮೀ ವೈರ್ ಸಿಕ್ಕರೆ ಅದನ್ನೇ ಹಾಕಿ. ವೈರ್ ತುದಿಗೆ ಲಗ್ (ಲೋಹದ ಕೊಂಡಿ) ಇಟ್ಟು ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಜೋಡಣೆ ತಳದ ನೀರಿಗೆ ಸಿಗದಂತೆ ಮೇಲೆ ಇರಲಿ. ಬ್ಯಾಟರಿ ಪಾಸಿಟಿವ್‌ ಹತ್ತಿರವೇ 5 ಆಂಪಿಯರ್ ಫ್ಯೂಸ್ ಬೇಕೇ ಬೇಕು.

ಬಿಚ್ಚಿದ ಕೈಯಲ್ಲೇ ದೀಪಗಳ ಜಾಗವನ್ನೂ ನೋಡಿಬಿಡಿ. ಸಮುದ್ರದಲ್ಲಿ ಹಡಗು-ದೋಣಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮದಂತೆ, ಮುಂದಕ್ಕೆ ಮುಖ ಮಾಡಿ ಕೂತರೆ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಪ್ರತಿಯೊಂದೂ ನೇರ ಮುಂದಿನಿಂದ ತನ್ನ ಬದಿಗೆ 112.5 ಡಿಗ್ರಿ ಕಾಣಬೇಕು. ನಿಮ್ಮಂಥ ಎಂಜಿನ್ ದೋಣಿಗೆ ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಸಾಕು. ಅದು ಕೆಂಪು-ಹಸಿರಿಗಿಂತ ಕನಿಷ್ಠ 1 ಮೀಟರ್ ಮೇಲಿರಲಿ. ಕೂತವರ ತಲೆ ಅಡ್ಡ ಬಂದರೆ ಬಲೆ ಬಿಡಲು ಹೊರಟ ತೆಪ್ಪದವರಿಗೆ ನೀವು ಕಾಣುವುದೇ ಇಲ್ಲ, ಅಲ್ವಾ?

ಹಿರಿಯೂರಿನಿಂದ:
ಹೊಸ ವೈರ್ ಹಾಕಿದೆ ಅಣ್ಣ. ಈಗ ನೆಗೆಟಿವ್ ಕಡೆ 0.1. ಮೂರೂ ಚೆನ್ನಾಗಿ ಉರಿಯುತ್ತಿವೆ. ಕಂಬ ಗಿಡ್ಡ ಇದೆ, ಎತ್ತರದ್ದು ಮಾಡಿಸಲು ಕೊಟ್ಟಿದ್ದೇನೆ. ಅದು ಬರುವವರೆಗೂ ಕತ್ತಲಲ್ಲಿ ದೋಣಿ ಇಳಿಸಲ್ಲ.