ಶಿರಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ? ಬ್ರೇಕ್ ಸುಟ್ಟ ವಾಸನೆ ಯಾಕೆ?

ನೆಲಮಂಗಲ_ಕ್ರಾಸ್:

ಎಲ್ಲರಿಗೂ ನಮಸ್ಕಾರ. ಕಾರು 1.2 ಲೀಟರ್ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್, 2019ರ ಮಾಡೆಲ್, 62,000 ಕಿ.ಮೀ. ಓಡಿದೆ. ಬೆಂಗಳೂರಿಂದ ಹಾಸನ, ಸಕಲೇಶಪುರ, ಶಿರಾಡಿ ಮೇಲೆ ಮಂಗಳೂರಿಗೆ ಆಗಾಗ ಓಡಾಟ. ನಾಲ್ಕು ಜನ, ಡಿಕ್ಕಿ ತುಂಬಾ ಲಗೇಜು. ತಿಳಿದವರು ಹೇಳಿ:

ಒಂದು, ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತೆ ಅಂತ ಬಹಳ ಜನ ಹೇಳ್ತಾರೆ. ನಿಜವಾ?

ಎರಡು, ಘಾಟಿಯ ಬುಡದಲ್ಲಿರುವ ಗುಂಡ್ಯ ಹತ್ತಿರ ಬರುವಷ್ಟರಲ್ಲಿ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತೆ, ಬ್ರೇಕ್ ಪೆಡಲ್ ಕೂಡ ಮಾಮೂಲಿಗಿಂತ ಕೆಳಗೆ ಹೋಗುತ್ತೆ. ಪ್ಯಾಡ್ ಹಾಕಿಸಿ ಜಾಸ್ತಿ ದಿನ ಆಗಿಲ್ಲ. ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಸರ್ವೀಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಮೂರು, ಮೊದಲು ಹೈವೇಯಲ್ಲಿ ಮೀಟರು ಲೀಟರಿಗೆ 18 ಕಿ.ಮೀ. ಮೈಲೇಜ್ ತೋರಿಸುತ್ತಿತ್ತು, ಈಗ 15.5. ಏನೇನು ನೋಡಿಸಬೇಕು?

ಇಂಜೆಕ್ಟರ್_ಮೈಸೂರು:

ಮೊದಲನೆಯದಕ್ಕೆ ಉತ್ತರ: ಉಳಿಯಲ್ಲ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಹೆಚ್ಚೇ ಖರ್ಚಾಗುತ್ತೆ, ಜೊತೆಗೆ ಬ್ರೇಕ್ ಒಂದನ್ನೇ ನಂಬಿ ಇಳಿಯಬೇಕಾಗುತ್ತೆ. ದಯವಿಟ್ಟು ಇದನ್ನು ಇವತ್ತೇ ಬಿಡಿ.

ಕಾರ್ಬ್ಯುರೇಟರ್ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥ ಇತ್ತು. ಈಗಿನ ಎಂಜಿನ್‌ಗೆ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತೀರ್ಮಾನಿಸುತ್ತೆ. ಗಾಡಿ ಗೇರಲ್ಲಿದ್ದು ಆಕ್ಸಿಲರೇಟರಿಂದ ಕಾಲು ಪೂರ್ತಿ ತೆಗೆದಾಗ, ಚಕ್ರಗಳೇ ಎಂಜಿನ್ ತಿರುಗಿಸುತ್ತಿವೆ, ಪೆಟ್ರೋಲ್ ಬೇಕಿಲ್ಲ ಅಂತ ಅದಕ್ಕೆ ಗೊತ್ತಾಗಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚಿಬಿಡುತ್ತೆ. ಆಗ ಖರ್ಚು ಸೊನ್ನೆ. ಆರ್‌ಪಿಎಂ ಸುಮಾರು 1200ರ ಆಸುಪಾಸಿಗೆ ಇಳಿದಾಗ ಎಂಜಿನ್ ಆಫ್ ಆಗದಿರಲಿ ಅಂತ ಮತ್ತೆ ಬಿಡೋಕೆ ಶುರು ಮಾಡುತ್ತೆ. ಈ ಅಂಕಿ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ ಇರುತ್ತೆ. ನ್ಯೂಟ್ರಲ್ ಹಾಕಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಗುತ್ತೆ. ಎಂಜಿನ್ ತನ್ನ ಐಡ್ಲಿಂಗ್‌ಗೆ ತಾನೇ ಪೆಟ್ರೋಲ್ ಕುಡಿಯಬೇಕು. 1.2 ಲೀಟರ್ ಎಂಜಿನ್‌ಗೆ ಅದು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಎಸಿ ಇದ್ದರೆ ಇನ್ನೂ ಜಾಸ್ತಿ.

ನಿಮ್ಮ ಗಾಡಿಯಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇದ್ದರೆ ನೀವೇ ನೋಡಬಹುದು. ಇಳಿಜಾರಲ್ಲಿ ಮೂರನೇ ಗೇರಲ್ಲಿ ಕಾಲು ತೆಗೆದ ಒಂದೆರಡು ಸೆಕೆಂಡಿಗೆ ಪಟ್ಟಿ ತುದಿ ಮುಟ್ಟುತ್ತೆ. ಅದೇ ಇಂಜೆಕ್ಟರ್ ಮುಚ್ಚಿರುವ ಗುರುತು.

ಒಂದು ಸಂಗತಿ ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಇಳಿಜಾರು ತೀರಾ ಸಣ್ಣದಿದ್ದರೆ, ಉದಾಹರಣೆಗೆ ಹಾಸನದ ಸುತ್ತಮುತ್ತ ಬರುವಂಥ ಉದ್ದನೆಯ ಮಂದ ಇಳಿಜಾರು, ಮೂರನೇ ಗೇರಲ್ಲಿ ಗಾಡಿ ನಿಧಾನವಾಗಿ ನೀವು ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತೆ. ಅಲ್ಲಿ ಐದನೇ ಗೇರಲ್ಲೇ ಇದ್ದು ಕಾಲು ಹಗುರ ಮಾಡಿ, ಸಾಕು. ಅಲ್ಲೂ ನ್ಯೂಟ್ರಲ್ ಬೇಡ.

ಎಂಜಿನ್ ಆಫ್ ಮಾಡಿ ಉರುಳಿಸುವವರೂ ಇದ್ದಾರೆ. ಅದು ನೇರವಾಗಿ ಪ್ರಾಣದ ಪ್ರಶ್ನೆ. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್ ಮೇಲೆ ನಡೆಯುತ್ತೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟೀರಿಂಗೂ ಭಾರ ಆಗುತ್ತೆ, ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕೇ ಬೀಳಬಹುದು.

ಉಪ್ಪಿನಂಗಡಿ_ಬ್ರೇಕ್:

ಎರಡನೆಯದ್ದು ನಾನು ಹೇಳ್ತೇನೆ. ಘಾಟಿ ಇಳಿದು ಬರುವ ಗಾಡಿಗಳಲ್ಲಿ ಇದು ದಿನಾ ಕಾಣುವ ಸಮಸ್ಯೆ. ಹೆಚ್ಚಿನವರು ಪ್ಯಾಡ್ ಸರಿ ಇಲ್ಲ ಅಂತ ಪ್ಯಾಡ್ ಬದಲಿಸ್ತಾರೆ, ಕಾರಣ ಬೇರೆಯೇ ಇರ್ತದೆ.

ಲೆಕ್ಕ ಹೀಗೆ ಉಂಟು. ಜನ, ಲಗೇಜು ಸೇರಿ ಗಾಡಿ 1300 ಕೆ.ಜಿ., ಘಾಟಿ 700 ಮೀಟರ್ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಆ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲ? ಸುಮಾರು 90 ಲಕ್ಷ ಜೂಲ್, ಅಂದರೆ ಒಂದು ದೊಡ್ಡ ಹಂಡೆಯ 25 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ. ಗೇರಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಮತ್ತು ಗಾಳಿ ಹಂಚಿಕೊಳ್ತವೆ. ನ್ಯೂಟ್ರಲ್‌ನಲ್ಲಿ ಬಂದರೆ ಹೆಚ್ಚುಕಡಿಮೆ ಪೂರ್ತಿ ಭಾರ ಡಿಸ್ಕ್ ಮತ್ತು ಪ್ಯಾಡಿನ ಮೇಲೆ, ಅದರಲ್ಲೂ ಮುಂದಿನ ಎರಡು ಚಕ್ರಕ್ಕೇ ಜಾಸ್ತಿ. ವಾಸನೆ ಅಲ್ಲಿಂದಲೇ ಬರ್ತಿರುವುದು.

ಪೆಡಲ್ ಹೇಗೆ ವರ್ತಿಸ್ತದೆ ಅನ್ನುವುದರ ಮೇಲೆ ತೊಂದರೆ ಎಲ್ಲಿದೆ ಅಂತ ಹೇಳಬಹುದು. ಪೆಡಲ್ ಗಟ್ಟಿ ಇದ್ದು, ಒತ್ತಿದಷ್ಟು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟಿದೆ. ಇದು ಹೆಚ್ಚು ಅಪಾಯ, ಯಾಕೆಂದರೆ ಆವಿ ಕುಗ್ಗುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಹಿಂದಿನ ಡ್ರಮ್ ಕಾದು ಹಿಗ್ಗಿದರೂ ಪೆಡಲ್ ಸ್ವಲ್ಪ ಕೆಳಗೆ ಹೋಗ್ತದೆ. ನೀವು ಹೇಳಿದ ಲಕ್ಷಣಕ್ಕೆ, ಆಯಿಲ್ ಬದಲಿಸಿಯೇ ಇಲ್ಲ ಎಂಬ ಮಾತನ್ನೂ ಸೇರಿಸಿದರೆ, ನನ್ನ ಮೊದಲ ಅನುಮಾನ ಆಯಿಲ್ ಮೇಲೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ತದೆ. ಹೊಸ ಡಾಟ್ 3 (ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ನಮ್ಮ ಕರಾವಳಿಯ ಹವೆಯಲ್ಲಿ ತೇವಕ್ಕೇನೂ ಬರಗಾಲ ಇಲ್ಲ. ಹಾಗಾಗಿ ಎಷ್ಟೇ ಕಡಿಮೆ ಓಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ನಿಮ್ಮದು ಇಷ್ಟು ವರ್ಷ ಹಾಗೇ ಇದ್ದರೆ ಮುಂದಿನ ಪ್ರಯಾಣಕ್ಕೆ ಮೊದಲೇ ಮಾಡಿಸಿ. ಸಣ್ಣ ಕಾರಿಗೆ ಅರ್ಧದಿಂದ ಒಂದು ಲೀಟರ್ ಸಾಕು. ಮೇಲಿನ ಡಬ್ಬದಲ್ಲಿ ಇರುವುದನ್ನು ಮಾತ್ರ ತೆಗೆದು ಹೊಸದು ಸುರಿದರೆ ಪ್ರಯೋಜನ ಇಲ್ಲ. ಕುದಿಯುವ ಆಯಿಲ್ ಇರುವುದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹತ್ತಿರ. ನಾಲ್ಕೂ ಚಕ್ರದ ಬ್ಲೀಡರ್ (ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿ ಹೊಸ ಬಣ್ಣದ ಆಯಿಲ್ ಬರುವ ತನಕ ಹೊರಗೆ ಬಿಡಬೇಕು. ಯಾವ ಚಕ್ರ ಮೊದಲು ಅನ್ನುವುದು ಗಾಡಿಯ ಪುಸ್ತಕದಲ್ಲಿ ಇದ್ದ ಹಾಗೆ. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯ ಆಯಿಲ್ ಹಾಕಿಸಬೇಡಿ, ಅದೂ ತೇವ ಹೀರಿರ್ತದೆ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇದಕ್ಕೆ ಬೆರೆಸಬಾರದು.

ಅದೇ ಹೊತ್ತಿಗೆ ಕ್ಯಾಲಿಪರ್ ಪಿನ್ ನೋಡಿಸಿ. ಪಿನ್ ಜಾಮ್ ಆದರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಉಜ್ಜುತ್ತಾ ಇರ್ತದೆ. ಬ್ರೇಕ್ ಹೆಚ್ಚು ಹಾಕದೆ ಸಪಾಟು ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ (ಮುಟ್ಟಬೇಡಿ). ಒಂದೇ ಚಕ್ರ ವಿಪರೀತ ಕಾದಿದ್ದರೆ ಅಲ್ಲೇ ತೊಂದರೆ ಉಂಟು. ಮೈಲೇಜ್ ಕಡಿಮೆಯಾಗಲಿಕ್ಕೂ ಇದು ಕಾರಣ ಆಗ್ತದೆ. ಪಿನ್ನಿಗೆ ಬ್ರೇಕಿನದ್ದೇ ಗ್ರೀಸ್ ಹಾಕಬೇಕು, ಸಾದಾ ಗ್ರೀಸ್ ರಬ್ಬರ್ ಬೂಟನ್ನು ಹಾಳು ಮಾಡ್ತದೆ.

ಇನ್ನು ಇಳಿಯುವ ಕ್ರಮ. ಹತ್ತುವಾಗ ಯಾವ ಗೇರು ಬೇಕಾಗ್ತದೋ ಇಳಿಯುವಾಗಲೂ ಅದೇ. ಶಿರಾಡಿಯಲ್ಲಿ ಹೆಚ್ಚಿನ ಕಡೆ ಮೂರು, ಕಡಿದಾದಲ್ಲಿ, ಲಾರಿ ಹಿಂದೆ ಸಿಕ್ಕಿಕೊಂಡಲ್ಲಿ ಎರಡು. ಆಗುಂಬೆಯ 14 ತಿರುವುಗಳಿಗೆ ಎರಡೇ, ತೀರಾ ಮಡಚಿದ ಕಡೆ ಒಂದು. ಆರ್‌ಪಿಎಂ 3000 ದಾಟಿತು ಅಂತ ಹೆದರಬೇಡಿ, ಕೆಂಪು ಗೆರೆಯಿಂದ ಅದು ಬಹಳ ದೂರ ಉಂಟು. ಗೇರ್ ಇಳಿಸುವ ಕೆಲಸ ಇಳಿಜಾರು ಶುರುವಾಗುವ ಮೊದಲೇ ಆಗಲಿ. ವೇಗ ಹೆಚ್ಚಾದ ಮೇಲೆ ಒಮ್ಮೆಲೇ ಎರಡಕ್ಕೆ ತಂದರೆ ಚಕ್ರ ಜಾರಬಹುದು, ಕ್ಲಚ್ ಪ್ಲೇಟಿಗೂ ಪೆಟ್ಟು.

ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನೇರ ರಸ್ತೆಯಲ್ಲೇ ಗಟ್ಟಿಯಾಗಿ ಒತ್ತಿ 40ರಿಂದ 30ಕ್ಕೆ ತನ್ನಿ, ಪೂರ್ತಿ ಬಿಡಿ, ಆಮೇಲೆ ತಿರುವಿಗೆ ಹೋಗಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕಿಗೆ ಗಾಳಿ ಸಿಗ್ತದೆ.

ವಾಸನೆ ಬಂತು, ಪೆಡಲ್ ಇನ್ನೂ ಸರಿ ಉಂಟು ಅಂತಾದರೆ ಎರಡನೇ ಗೇರಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ನಿಧಾನ ಬನ್ನಿ. ಪೆಡಲ್ ಮೆತ್ತಗಾದರೆ ಪಟಪಟನೆ ಒತ್ತಿ ಬಿಟ್ಟು ಒತ್ತಡ ಕಟ್ಟಿಕೊಳ್ಳಿ, ಗೇರ್ ಇಳಿಸಿ, ತಿರುವಿನಿಂದ ದೂರ ಅಗಲವಾದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ ಮಾರಾಯ್ರೆ, ಸೊಟ್ಟಗಾಗ್ತದೆ ಇಲ್ಲವೇ ಬಿರುಕು ಬಿಡ್ತದೆ. ತಣ್ಣಗಾದ ಮೇಲೆ ಪೆಡಲ್ ಸರಿಯಾಯಿತು ಅಂತ ಮರೆತುಬಿಡಬೇಡಿ, ಒಮ್ಮೆ ಕುದಿದ ಆಯಿಲ್ ಬದಲಿಸಲೇಬೇಕು.

ದಾವಣಗೆರೆ_ಟೈರ್:

ಮೈಲೇಜ್ ಬಗ್ಗೆ. ಮೀಟರಿನ ಅಂಕಿ ಅಂದಾಜಷ್ಟೇ, ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸ್ತದೆ. ಒಂದೇ ಬಂಕಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಸೊನ್ನೆ ಮಾಡಿ, ಕನಿಷ್ಠ 300 ಕಿ.ಮೀ. ಓಡಿಸಿ, ಮತ್ತೆ ಅದೇ ರೀತಿ ಹಾಕಿಸಿ ಭಾಗಿಸಿ. ಮೂರು ಸಲದ ಸರಾಸರಿ ಸಿಕ್ಕ ಮೇಲೆ ಗ್ಯಾರೇಜಿಗೆ ದುಡ್ಡು ಕೊಡೋಣ.

18ರಿಂದ 15.5 ಅಂದರೆ ಸುಮಾರು 14 ಶೇಕಡಾ ಇಳಿಕೆ. ಒಂದೇ ಕಾರಣಕ್ಕೆ ಇಷ್ಟು ಬಿದ್ದಿರೋದು ಕಡಿಮೆ. ಪೆಟ್ರೋಲಿನಿಂದಲೇ ಒಂದು ಪಾಲು ಹೋಗಿದೆ. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಮೊದಲು 10 ಶೇಕಡಾ ಬೆರೆಸುತ್ತಿದ್ದರು, ಈಗ ಬಂಕಿನಲ್ಲಿ ಸಿಗೋದು 20 ಶೇಕಡಾ ಬೆರೆಸಿದ್ದು. ಲೆಕ್ಕ ಹಾಕಿದರೆ ಮೂರು ನಾಲ್ಕು ಶೇಕಡಾ ಇಲ್ಲೇ ಹೋಯಿತು. ಇದಕ್ಕೆ ಯಾವ ಗ್ಯಾರೇಜಿನಲ್ಲೂ ಮದ್ದಿಲ್ಲ. 2019ರ ಗಾಡಿಯಾದ್ದರಿಂದ ಪೆಟ್ರೋಲ್ ಪೈಪಿನ ರಬ್ಬರು ಬಿರಿದಿದೆಯಾ, ಒದ್ದೆಯಾಗಿದೆಯಾ ಅಂತ ಪ್ರತಿ ಸರ್ವೀಸಿಗೆ ನೋಡಿಸಿ.

ಆಮೇಲೆ ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ. 80ರ ಬದಲು 100ರಲ್ಲಿ ಹೋದರೆ ಗಾಳಿ 56 ಶೇಕಡಾ ಹೆಚ್ಚು ತಡೆಯುತ್ತೆ. ಪ್ರತಿ 100 ಕಿ.ಮೀ.ಗೆ ನಿಮಗೆ ಉಳಿಯೋದು 15 ನಿಮಿಷ ಮಾತ್ರ. ನೆಲಮಂಗಲದಿಂದ ಹಾಸನದವರೆಗಿನ ಚತುಷ್ಪಥದಲ್ಲಿ ಐದನೇ ಗೇರು, 80ರಿಂದ 90, ಕಾಲು ಅಲುಗದಂತೆ ಹೋದರೆ ಅಲ್ಲೇ ದೊಡ್ಡ ಉಳಿತಾಯ. ಮೇಲೆ ಕ್ಯಾರಿಯರ್ ಇದ್ದರೆ, ಖಾಲಿ ಇದ್ದರೂ, ಬಿಚ್ಚಿಡಿ.

ಟೈರಿನ ಗಾಳಿ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಡ್ರೈವರ್ ಬಾಗಿಲಿನ ಚೌಕಟ್ಟಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಇಬ್ಬರಿದ್ದಾಗ ಎಷ್ಟು, ಪೂರ್ತಿ ಭಾರ ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿದ್ದರೆ ನಿಮಗೆ ಬೇಕಾದ್ದು ಎರಡನೆಯದು, ಹಿಂದಿನ ಟೈರಿಗೆ ಹೆಚ್ಚು ಇರುತ್ತೆ. ಟೈರ್ ತಣ್ಣಗಿರುವಾಗ, ಎರಡು ಮೂರು ಕಿ.ಮೀ. ಓಡುವುದರೊಳಗೆ ಹಾಕಿಸಿ. ಹೈವೇಯಲ್ಲಿ ಓಡಿ ಕಾದ ಟೈರಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸೋದು ಸಹಜ. ಜಾಸ್ತಿ ಇದೆ ಅಂತ ಆಗ ಬಿಡಿಸಿಬಿಟ್ಟರೆ ಬೆಳಿಗ್ಗೆ ಕಡಿಮೆ ಆಗಿರುತ್ತೆ. ಕಡಿಮೆ ಗಾಳಿಯಲ್ಲಿ ಪೆಟ್ರೋಲ್ ಹೋಗೋದು ಸಣ್ಣ ವಿಷಯ. ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತೆ, ತುಂಬಿದ ಗಾಡಿ, ಬೇಸಿಗೆ, ಕಾಂಕ್ರೀಟ್ ರಸ್ತೆ ಸೇರಿದರೆ ಸಿಡಿಯುತ್ತೆ. ಸ್ಟೆಪ್ನಿಯನ್ನೂ ಮರೆಯಬೇಡಿ.

62,000ಕ್ಕೆ ಸ್ಪಾರ್ಕ್ ಪ್ಲಗ್ ನೋಡಿಸಿ. ಸಾದಾ ನಿಕಲ್ ಪ್ಲಗ್ ಆಗಿದ್ದು ಇನ್ನೂ ಬದಲಿಸಿಲ್ಲ ಅಂದರೆ ಕಾಲ ಮೀರಿದೆ, ಇರಿಡಿಯಂ ಆದರೆ ಇನ್ನೂ ಬಾಳಿಕೆ ಇದೆ. ವೀಲ್ ಅಲೈನ್‌ಮೆಂಟ್ ಮಾಡಿಸಿ. ಏರ್ ಫಿಲ್ಟರ್ ಕೊಳೆಯಾದರೆ ಈಗಿನ ಗಾಡಿಯಲ್ಲಿ ಪಿಕಪ್ ಕಮ್ಮಿಯಾಗುತ್ತೆ, ಮೈಲೇಜ್ ಅಷ್ಟೇನೂ ಬೀಳಲ್ಲ. ಎಲ್ಲಕ್ಕೂ ಅದನ್ನೇ ದೂರೋದು ಸರಿಯಲ್ಲ. ಪೆಟ್ರೋಲ್ ಟ್ಯಾಂಕಿಗೆ ಹಾಕುವ ಮೈಲೇಜ್ ಔಷಧಿ, ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ಒಂದು ರೂಪಾಯಿಯೂ ಕೊಡಬೇಡಿ.

ನೆಲಮಂಗಲ_ಕ್ರಾಸ್:

ಎಲ್ಲರಿಗೂ ಧನ್ಯವಾದ. ಬ್ರೇಕ್ ಆಯಿಲ್ ಮತ್ತು ಪಿನ್ ಕೆಲಸ ಈ ವಾರವೇ ಮಾಡಿಸುತ್ತೇನೆ. ಇನ್ನೊಂದು: ಮನೆಯಲ್ಲಿರುವ ಎರಡನೇ ಕಾರು ಎಎಂಟಿ (ಕ್ಲಚ್ ಪೆಡಲ್ ಇಲ್ಲ, ಗೇರ್ ತಾನೇ ಬದಲಾಗುತ್ತೆ). ಅದರಲ್ಲಿ ಎಂಜಿನ್ ಬ್ರೇಕಿಂಗ್, ಅಂದರೆ ಗೇರಲ್ಲೇ ಇಳಿದು ಎಂಜಿನ್ನಿಂದ ವೇಗ ಹಿಡಿಯೋದು, ಹೇಗೆ? ಮಳೆಗಾಲದಲ್ಲಿ ಬೇರೆ ಏನಾದರೂ ಗಮನಿಸಬೇಕಾ?

ಇಂಜೆಕ್ಟರ್_ಮೈಸೂರು:

ಎಎಂಟಿಯಲ್ಲಿ ಡಿ ಬಿಟ್ಟು ಮ್ಯಾನುಯಲ್ ಮೋಡ್‌ಗೆ ತನ್ನಿ, ಮೈನಸ್ ಕಡೆ ತಳ್ಳಿ ಮೂರು ಅಥವಾ ಎರಡಕ್ಕೆ ಇಳಿಸಿ. ಡಿ ಯಲ್ಲೇ ಬಿಟ್ಟರೆ ನೀವು ಕಾಲು ತೆಗೆದಾಗ ಅದು ಮೇಲಿನ ಗೇರಿಗೆ ಹೋಗಿಬಿಡಬಹುದು. ಇನ್ನೊಂದು ಬಗೆಯ ಆಟೋಮ್ಯಾಟಿಕ್ ಆದ ಸಿವಿಟಿಯಾದರೆ ಲಿವರನ್ನು ಎಲ್ ಅಥವಾ ಎಸ್‌ಗೆ ತನ್ನಿ. ಹತ್ತುವಾಗ ಲಾರಿ ಸಾಲಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಂದೆ ಜಾರದಂತೆ ಹಿಡಿಯಬೇಡಿ. ಎಎಂಟಿ ಒಳಗಿರೋದೂ ಮಾಮೂಲಿ ಕ್ಲಚ್ಚೇ, ಸುಟ್ಟುಹೋಗುತ್ತೆ. ಬ್ರೇಕ್ ಅಥವಾ ಹ್ಯಾಂಡ್ ಬ್ರೇಕ್ ಬಳಸಿ.

ಉಪ್ಪಿನಂಗಡಿ_ಬ್ರೇಕ್:

ಮಳೆಗಾಲಕ್ಕೆ: ಟೈರಿನ ಹಲ್ಲು 1.6 ಮಿ.ಮೀ. ತನಕ ಕಾನೂನಿಗೆ ಸರಿ, ಆದರೆ ನಮ್ಮ ಮಳೆಗೆ 3 ಮಿ.ಮೀ. ಆಗುವಾಗಲೇ ಬದಲಿಸಿ. ಒಣ ರಸ್ತೆಯಲ್ಲಿ ಮುಂದಿನ ಗಾಡಿಗೂ ನಿಮಗೂ ಮೂರು ಸೆಕೆಂಡಿನ ಅಂತರ, ಮಳೆಯಲ್ಲಿ ಆರು. ಮಂಜು ಬಿದ್ದಾಗ ಹೈ ಬೀಮ್ ಬೇಡ, ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೀತದೆ. ಓಡುತ್ತಿರುವಾಗ ಹಜಾರ್ಡ್ ಲೈಟ್ ಹಾಕಬೇಡಿ, ಹಿಂದಿನವನಿಗೆ ನಿಮ್ಮ ಇಂಡಿಕೇಟರ್ ಗೊತ್ತಾಗುವುದಿಲ್ಲ. ಇಕ್ಕಟ್ಟಾದ ಕಡೆ ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು, ಅದು ನಿಯಮವೇ. ತುಂಬಿದ ಲಾರಿ, ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್ ಒಮ್ಮೆ ನಿಂತರೆ ಮತ್ತೆ ಎತ್ತಲಿಕ್ಕೆ ಬಹಳ ಕಷ್ಟ. ಜೋರು ಮಳೆಯಲ್ಲಿ ಗುಡ್ಡ ಜರಿದು ಶಿರಾಡಿ ಬಂದ್ ಆಗುವುದುಂಟು, ಹಾಸನ ದಾಟುವ ಮೊದಲೇ ವಿಚಾರಿಸಿ, ಸಕಲೇಶಪುರದಲ್ಲಿ ಟ್ಯಾಂಕ್ ನೋಡಿಕೊಳ್ಳಿ. ಚಾರ್ಮಾಡಿಗೆ ತಿರುಗಿಸಬೇಕಾಗಿ ಬಂದರೆ ಅಲ್ಲಿ ತಿರುವು ಹೆಚ್ಚು, ರಸ್ತೆ ಕಿರಿದು, ಎರಡನೇ ಗೇರಲ್ಲೇ ಇಳಿಯುವ ಲೆಕ್ಕ ಹಾಕಿ ಹೊರಡಿ.